ಎದುರು ಮನೆಯ ಶನಿವಾರ

ಶುಕ್ರವಾರ ಸಂಜೆ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಎರಡು ದೀಪ ಹತ್ತುತ್ತವೆ. ಒಂದು ನಮ್ಮ ಮನೆಯ ಲಕ್ಷ್ಮಿಯ ಮುಂದೆ, ಇನ್ನೊಂದು ಎದುರು ಮನೆ ಮಾವಶಿಯವರ ಊಟದ ಮೇಜಿನ ಮೇಲೆ. ನಾನು ಧಾರವಾಡದಿಂದ ಮದುವೆಯಾಗಿ ಮುಂಬಯಿ ಪಕ್ಕದ ಈ ಠಾಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬಂದ ಹೊಸತರಲ್ಲಿ ಅವರನ್ನು ಮರಾಠಿ ಜನ ಅಂತಲೇ ತಿಳಿದಿದ್ದೆ. ಕೈಯಲ್ಲಿ ಹಸಿರು ಬಳೆ, ಕೊರಳಲ್ಲಿ ಕರಿಮಣಿ, ಮಾತು ಅಚ್ಚ ಕೊಂಕಣದ ಮರಾಠಿ, ಊರಿನ ಹೆಸರಿಗೆ ‘ಕರ್’ ಸೇರಿಸಿದ ಅಡ್ಡಹೆಸರು. ಬಾಗಿಲ ಚೌಕಟ್ಟಿಗೆ ಓರೆಯಾಗಿ ಹೊಡೆದ ಬೆರಳುದ್ದದ ಡಬ್ಬಿಯೊಂದೇ ಬೇರೆ ತರಹ ಕಾಣುತ್ತಿತ್ತು. ಅದನ್ನು ಥರ್ಮಾಮೀಟರು ಎಂದುಕೊಂಡಿದ್ದೆ! ಅದರೊಳಗೆ ಅವರ ಧರ್ಮಗ್ರಂಥದ ವಾಕ್ಯ ಬರೆದ ಚರ್ಮದ ಚೂರು ಇದೆ, ಹೋಗುವಾಗ ಬರುವಾಗ ಮುಟ್ಟಿ ಮುತ್ತಿಡುತ್ತಾರೆ, ಅದಕ್ಕೆ ಮೆಜೂಜಾ ಎನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು. ಮಾವಶಿ ಯೆಹೂದಿಯರು, ಬೆನೆ ಇಸ್ರೇಲ್ ಎಂಬ ಪಂಗಡದವರು.

ಅವರ ಹಿರಿಯರು ಎಷ್ಟೋ ಶತಮಾನಗಳ ಹಿಂದೆ ಹಡಗು ಒಡೆದು ಅಲಿಬಾಗದ ಹತ್ತಿರ ನವಗಾಂವ್ ದಡಕ್ಕೆ ಬಂದು ಬಿದ್ದರಂತೆ. ಉಳಿದವರು ಏಳು ಗಂಡಸರು, ಏಳು ಹೆಂಗಸರು ಎಂದು ಹೇಳುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ಹಿಡಿದರು. ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ, ಅದಕ್ಕೇ ಊರವರು ‘ಶನಿವಾರ ತೇಲಿ’ ಎಂದು ಹೆಸರಿಟ್ಟರು. ಪುಸ್ತಕ ಹೋಯಿತು, ಭಾಷೆ ಮರೆತಿತು. ಆದರೆ ಶನಿವಾರದ ವಿಶ್ರಾಂತಿ, ಊಟದ ನಿಯಮ, ‘ಶೆಮಾ’ ಎಂಬ ಒಂದು ಪ್ರಾರ್ಥನೆ ಇಷ್ಟು ಉಳಿದವು.

ನಮ್ಮ ಕಡೆಗೂ ಇವರಿಗೂ ಒಂದು ಹಳೆಯ ನಂಟಿದೆ. ಮುಂಬಯಿಯ ಮೊದಲ ಸಿನಗಾಗ್ ಕಟ್ಟಿದ್ದು 1796ರಲ್ಲಿ, ಮಸ್ಜಿದ್ ಬಂದರ್ ಹತ್ತಿರ. ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಕಂಪನಿಯ ಸೈನ್ಯದಲ್ಲಿದ್ದ ಅವರು ಮೈಸೂರಿನ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು, ಬದುಕಿ ಬಂದರೆ ದೇವರ ಮನೆ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತರಂತೆ. ಟಿಪ್ಪುವಿನ ತಾಯಿಯೇ ದಯೆ ತೋರಿಸಿ ಬಿಡಿಸಿದಳು ಎನ್ನುತ್ತಾರೆ. ಈ ಕಥೆ ಹೇಳುವಾಗಲೆಲ್ಲ ಮಾವಶಿ ನನ್ನ ಕಡೆ ನೋಡಿ, “ನಿಮ್ಮ ಊರ ಕಡೆಯ ಹೆಂಗಸಿನ ಪುಣ್ಯ” ಎಂದು ನಗುತ್ತಾರೆ. ಶ್ರೀರಂಗಪಟ್ಟಣಕ್ಕೂ ಧಾರವಾಡಕ್ಕೂ ಎಷ್ಟು ದೂರ ಎಂದು ನಾನೂ ಹೇಳಹೋಗಿಲ್ಲ.

ಅವರ ವಾರವೆಲ್ಲ ಶನಿವಾರದ ಸುತ್ತ ತಿರುಗುತ್ತದೆ. ಗುರುವಾರ ಸಂತೆ, ಶುಕ್ರವಾರ ಬೆಳಿಗ್ಗೆಯಿಂದ ಅಡಿಗೆ. ಎರಡು ದಿನದ್ದು ಒಮ್ಮೆಗೇ ಆಗಬೇಕು, ಏಕೆಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ. ಮಾಂಸದ ಜೊತೆ ಹಾಲು ಮೊಸರು ಸೇರಬಾರದು ಎಂಬ ನಿಯಮವೂ ಉಂಟು. ಅದಕ್ಕೇ ಅವರ ಸಾರು, ಸಿಹಿ ಎಲ್ಲಕ್ಕೂ ತೆಂಗಿನ ಹಾಲು. ನಮ್ಮ ಮನೆಯ ತುರಿಯುವ ಮಣೆ ಶುಕ್ರವಾರ ಅವರ ಮನೆಯಲ್ಲೇ ಇರುತ್ತದೆ. ಅವರದು ಮುರಿದು ಆರು ವರ್ಷವಾಯಿತು, ಹೊಸದು ತರುವ ಯೋಚನೆ ಇಬ್ಬರಿಗೂ ಇಲ್ಲ.

ಸೂರ್ಯ ಮುಳುಗುವ 18 ನಿಮಿಷ ಮೊದಲು ದೀಪ ಹಚ್ಚಬೇಕು. ಪ್ರತಿ ವಾರದ ವೇಳೆ ಅವರ ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ. ಮಾವಶಿ ಗಾಜಿನ ಲೋಟದಲ್ಲಿ ನೀರು ಹಾಕಿ, ಮೇಲೆ ಎಣ್ಣೆ ಬಿಟ್ಟು ಬತ್ತಿ ಹಚ್ಚುತ್ತಾರೆ. ಎರಡೂ ಅಂಗೈಯಿಂದ ಕಣ್ಣು ಮುಚ್ಚಿ ಮಂತ್ರ ಹೇಳುತ್ತಾರೆ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ಚಪಾತಿ, ಕಪ್ಪು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು. ದ್ರಾಕ್ಷಾರಸದ ಬದಲು ಅದು. ಚಪಾತಿ ಎರಡೇ ಏಕೆ ಎಂದರೆ, ಮರುಭೂಮಿಯಲ್ಲಿ ಅಲೆಯುವಾಗ ದೇವರು ಶುಕ್ರವಾರ ಎರಡು ದಿನದ ಅನ್ನ ಸುರಿಸುತ್ತಿದ್ದನಂತೆ, ಅದರ ನೆನಪಿಗೆ.

ಒಂದು ಶನಿವಾರ ಏಪ್ರಿಲ್ ಸೆಕೆಯಲ್ಲಿ ಮಾವಶಿ ನಮ್ಮ ಬಾಗಿಲಿಗೆ ಬಂದು, “ಏನು ಸೆಕೆ ಅಲ್ವಾ? ಮನೆಯಲ್ಲಿ ಕೂರೋಕಾಗಲ್ಲ” ಎಂದರು. ಹೌದು ಎಂದೆ. ಸ್ವಲ್ಪ ಹೊತ್ತು ನಿಂತು ಮತ್ತೆ ಅದನ್ನೇ ಹೇಳಿದರು. ನಾನು ಮಜ್ಜಿಗೆ ಕೊಟ್ಟೆ. ಕುಡಿದು ಹೋದರು. ಸಂಜೆ ಅವರ ಮೊಮ್ಮಗ ಹೇಳಿದ: ಬೆಳಿಗ್ಗೆ ಯಾರೋ ಮರೆತು ಫ್ಯಾನು ಆರಿಸಿಬಿಟ್ಟಿದ್ದರು. ಅಂದು ಸ್ವಿಚ್ಚು ಮುಟ್ಟುವಂತಿಲ್ಲ, ಮತ್ತೊಬ್ಬರಿಗೆ ‘ಹಾಕು’ ಎಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ನನ್ನ ದಡ್ಡತನಕ್ಕೆ ಏನು ಹೇಳಲಿ! ಈಗ ಅವರು ‘ಸೆಕೆ’ ಎಂದ ಕೂಡಲೇ ಎದ್ದು ಹೋಗುತ್ತೇನೆ.

ಆ ಮೊಮ್ಮಗನ ವಿಷಯವೇ ನಾನು ಬರೆಯಹೊರಟಿದ್ದು. ಮಗಳ ಮಗ. ನಮ್ಮ ಕಿರಿಯವನಿಗಿಂತ ಒಂದು ವರ್ಷ ಚಿಕ್ಕವನು, ಇಬ್ಬರೂ ಕ್ರಿಕೆಟ್ ಹುಚ್ಚರು. ಅವರಲ್ಲಿ ಗಂಡುಮಗುವಿಗೆ 13 ತುಂಬಿದಾಗ ಬಾರ್ ಮಿತ್ಸ್ವಾ. ನಮ್ಮ ಮುಂಜಿಯ ಹಾಗೆ ಎಂದು ನಾನು ಹೇಳಿದರೆ ಮಾವಶಿ, “ಹೌದು, ಆದರೆ ನಮ್ಮದರಲ್ಲಿ ಪರೀಕ್ಷೆಯೂ ಉಂಟು” ಎಂದರು. ಸಭೆಯ ಮುಂದೆ ನಿಂತು ತೋರಾದ ಸುರುಳಿಯಿಂದ ಓದಬೇಕು.

ತೋರಾ ಎಂದರೆ ಮೋಶೆಯ ಐದು ಗ್ರಂಥಗಳು. ಅಚ್ಚಿನ ಪುಸ್ತಕವಲ್ಲ. ಚರ್ಮದ ಹಾಳೆಗಳನ್ನು ಹೊಲಿದು ಸುತ್ತಿದ ಉದ್ದನೆಯ ಸುರುಳಿ, ಅದರ ಮೇಲೆ ಗರಿಯ ಲೇಖನಿಯಿಂದ ಕೈಬರಹ. ಚರ್ಮ ಎಂದ ಕೂಡಲೇ ನನಗೆ ಒಂದು ತರಹ ಆಯಿತು. ಆಮೇಲೆ ಮೃದಂಗದ ನೆನಪಾಗಿ ಸುಮ್ಮನಾದೆ. ಒಟ್ಟು 3,04,805 ಅಕ್ಷರ. ಒಂದು ಅಕ್ಷರ ಅಳಿಸಿದ್ದು ಕಂಡರೂ ತಿದ್ದಿಸುವ ತನಕ ಆ ಸುರುಳಿ ಓದುವಂತಿಲ್ಲ. ಇಡೀ ಗ್ರಂಥವನ್ನು 54 ಭಾಗ ಮಾಡಿದ್ದಾರೆ. ವಾರಕ್ಕೊಂದು, ಕೆಲವು ವಾರ ಎರಡು ಸೇರಿಸಿ ಓದಿ ವರ್ಷಕ್ಕೆ ಮುಗಿಸುತ್ತಾರೆ. ಮುಗಿದ ಹಬ್ಬದ ದಿನವೇ ಮತ್ತೆ ಮೊದಲಿನಿಂದ ಶುರು. ಒಂದು ಶನಿವಾರ ಠಾಣೆಯಲ್ಲಿ ಓದುವ ಭಾಗವನ್ನೇ ಅಂದು ಲಂಡನ್ನಿನಲ್ಲೂ ಓದುತ್ತಾರೆ.

ಕಷ್ಟ ಇರುವುದು ಅಕ್ಷರದಲ್ಲಿ. ಹೀಬ್ರೂವಿಗೆ 22 ಅಕ್ಷರ, ಬಲದಿಂದ ಎಡಕ್ಕೆ ಬರವಣಿಗೆ. ಸುರುಳಿಯಲ್ಲಿ ಸ್ವರಚಿಹ್ನೆ ಇರುವುದಿಲ್ಲ. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲ ತೆಗೆದು ಬರೀ ‘ಕ’, ‘ಮ’, ‘ರ’ ಬರೆದು ಓದು ಎಂದರೆ ಹೇಗೆ? ಕಮರವೋ, ಕುಮಾರನೋ? ಹಾಗೆ. ರಾಗದ ಗುರುತೂ ಇಲ್ಲ, ಆದರೆ ರಾಗವಾಗಿಯೇ ಓದಬೇಕು. ಎಲ್ಲವೂ ಮೊದಲೇ ಬಾಯಿಗೆ ಬಂದಿರಬೇಕು.

ಹುಡುಗ ಎಂಟು ತಿಂಗಳು ಕಲಿತ. ಭಾನುವಾರ ಸಿನಗಾಗಿನಲ್ಲಿ ಪಾಠ. ದಿನವೂ ಸಂಜೆ ಇಸ್ರೇಲಿನಲ್ಲಿರುವ ಸೋದರಮಾವ ಮೊಬೈಲಿಗೆ ಕಳಿಸಿದ ಧ್ವನಿ ಕೇಳಿ ಅಜ್ಜಿಯ ಅಡಿಗೆಮನೆಯಲ್ಲಿ ಅಭ್ಯಾಸ. ನನಗೆ ಆಶ್ಚರ್ಯವಾದದ್ದು ಮಾವಶಿ. ಅವರು ಹುಡುಗಿಯಾಗಿದ್ದಾಗ ಮನೆಯಲ್ಲಿ ಅಣ್ಣಂದಿರಿಗೆ ಮಾತ್ರ ಓದು ಕಲಿಸಿದ್ದರು. ಪ್ರಾರ್ಥನೆ ಎಲ್ಲ ಕಿವಿಯಿಂದ ಬಂದದ್ದು, ಕಥೆಗಳು ಮರಾಠಿಯಲ್ಲಿ ಕೇಳಿದ್ದು. ಈಗ ಅರವತ್ತೇಳನೇ ವಯಸ್ಸಿನಲ್ಲಿ, ಮೊಮ್ಮಗನ ಪಕ್ಕ ಸ್ಟೂಲು ಹಾಕಿಕೊಂಡು ಅವನ ಹಳೆಯ ನೋಟುಪುಸ್ತಕದಲ್ಲಿ ಅಕ್ಷರ ತಿದ್ದಲು ಕೂತರು! ಬೇಳೆ ಆರಿಸುತ್ತಾ ‘ಅಲೆಫ್, ಬೇಟ್’ ಎನ್ನುವರು. ಮೊಮ್ಮಗ “ಅಜ್ಜೀ, ತಪ್ಪು” ಎಂದರೆ ಅಳಿಸಿ ಮತ್ತೆ ಬರೆಯುವರು.

ನನಗೆ ಒಳಗೊಳಗೇ ಮುಳ್ಳು ಚುಚ್ಚಿದಂತಾಗುತ್ತಿತ್ತು. ನಮ್ಮ ಕಿರಿಯವನಿಗೆ ಕನ್ನಡ ಓದಲು ಬರುವುದಿಲ್ಲ. ಮಾತು ಬರುತ್ತದೆ, ಅದೂ ಮರಾಠಿ ಬೆರೆತದ್ದು. ಧಾರವಾಡದಿಂದ ನಮ್ಮ ಅವ್ವ ಅವನ ಹುಟ್ಟುಹಬ್ಬಕ್ಕೆ ಈಗಲೂ ಇನ್‌ಲ್ಯಾಂಡ್ ಪತ್ರ ಬರೆಯುತ್ತಾಳೆ. ಅವನು ಅದನ್ನು ನನ್ನ ಕೈಗೆ ಕೊಟ್ಟು “ಏನು ಬರೆದಿದ್ದಾರೆ ಹೇಳು” ಎನ್ನುತ್ತಾನೆ. ಎರಡು ಸಲ ಕಾಗುಣಿತ ಶುರುಮಾಡಿಸಿ, ಶಾಲೆಯ ಪರೀಕ್ಷೆ ಬಂತೆಂದು ನಾನೇ ಬಿಟ್ಟೆ.

ದೀಪಾವಳಿಗೆ ಮುಂಚಿನ ಒಂದು ಶನಿವಾರ ಓದು. ಮಾವಶಿ ನನ್ನನ್ನೂ ಕರೆದರು. ಠಾಣೆಯ ಸಿನಗಾಗಿನ ಹೆಸರು ಶಾಅರ್ ಹಶಾಮಾಯಿಂ, ಅಂದರೆ ಸ್ವರ್ಗದ ಬಾಗಿಲು. 1879ರಲ್ಲಿ ಕಟ್ಟಿದ್ದು. ಅಂದು ವಾಹನ ಹತ್ತುವಂತಿಲ್ಲವಾದ್ದರಿಂದ ನಡೆದೇ ಹೋದೆವು. ಗೇಟಿನಲ್ಲಿ ವಿಚಾರಿಸಿ ಒಳಗೆ ಬಿಟ್ಟರು. 2008ರ ನವೆಂಬರಿನಲ್ಲಿ ಮುಂಬಯಿಯ ನರೀಮನ್ ಹೌಸಿನಲ್ಲಿ ನಡೆದ ಕೊಲೆಗಳ ನಂತರ ಯಾರು ತಾನೇ ಎಚ್ಚರ ತಪ್ಪುತ್ತಾರೆ? ನಾನು ಚಪ್ಪಲಿ ಬಿಡುವ ಜಾಗ ಹುಡುಕುತ್ತಿದ್ದೆ. ಬಿಡುವುದು ಬೇಡ, ತಲೆಗೆ ಸೆರಗು ಹೊದೆದುಕೋ ಸಾಕು ಎಂದರು.

ಮೂರ್ತಿ ಇಲ್ಲ, ಹುಂಡಿ ಇಲ್ಲ. ಶನಿವಾರ ದುಡ್ಡನ್ನೇ ಮುಟ್ಟುವುದಿಲ್ಲ. ಜೆರೂಸಲೇಮಿನ ದಿಕ್ಕಿಗೆ, ಅಂದರೆ ನಮಗೆ ಪಶ್ಚಿಮಕ್ಕೆ, ಪರದೆ ಬಿಟ್ಟ ಹೇಖಾಲ್ ಎಂಬ ಕಪಾಟು. ಸುರುಳಿಗಳು ಇರುವುದು ಅದರಲ್ಲಿ. ನಡುವೆ ಕಟಕಟೆ ಹಾಕಿದ ವೇದಿಕೆ. ಗಂಡಸರು ಟೋಪಿ ಹಾಕಿ, ಕುಚ್ಚಿನ ಬಿಳಿ ಶಾಲು ಹೊದ್ದಿದ್ದರು. ಹೆಂಗಸರು ಬೇರೆ ಕೂತೆವು. ಪರದೆ ಸರಿಸಿ ಸುರುಳಿ ತಂದಾಗ ಎಲ್ಲರೂ ಎದ್ದು ಅದರ ಕಡೆ ಕೈ ಚಾಚಿ ಬೆರಳಿಗೆ ಮುತ್ತಿಟ್ಟರು. ನನಗೆ ತಿಳಿಯದೆ ಕೈಮುಗಿದೆ, ಯಾರೂ ಬೇಸರಪಡಲಿಲ್ಲ.

ಏಳು ಜನರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದರು. ಆ ವಾರದ ಭಾಗ ನೋಹನ ಕಥೆ. ನಮ್ಮ ಮತ್ಸ್ಯಾವತಾರದ ಹಾಗೇ ಪ್ರಳಯ, ದೋಣಿ. ನಲವತ್ತು ಹಗಲು ನಲವತ್ತು ರಾತ್ರಿ ಮಳೆ. ಹಡಗು ಒಡೆದು ಬಂದವರ ವಂಶದ ಹುಡುಗ ದೋಣಿಯ ಕಥೆ ಓದಲು ನಿಂತದ್ದು ನೋಡಿ ನನಗೇ ಮೈ ಜುಂ ಎಂದಿತು. ಬೆರಳಿನಿಂದ ಅಕ್ಷರ ಮುಟ್ಟಬಾರದು ಎಂದು ಬೆಳ್ಳಿಯ ಕಡ್ಡಿ, ತುದಿಯಲ್ಲಿ ಪುಟ್ಟ ಕೈ. ಅದನ್ನು ಹಿಡಿದ ಅವನ ಕೈ ನಡುಗುವುದು ದೂರದಿಂದಲೂ ಕಾಣುತ್ತಿತ್ತು.

ಚೆನ್ನಾಗಿ ಹೊರಟ. ನಡುವೆ ಒಂದು ಶಬ್ದ ತಪ್ಪಿದ. ಕೂಡಲೇ ನಾಲ್ಕೈದು ಗಂಡಸರು ಒಟ್ಟಿಗೆ ಗಟ್ಟಿಯಾಗಿ ಸರಿ ಶಬ್ದ ಕೂಗಿದರು. ನನ್ನ ಎದೆ ಧಸಕ್ಕೆಂದಿತು. ಮಗು, ಅಷ್ಟು ಜನರ ಮುಂದೆ! ಮಾವಶಿಯ ಕಡೆ ನೋಡಿದರೆ ಅವರು ಶಾಂತ. ತುಟಿ ಮಾತ್ರ ಆಡುತ್ತಿತ್ತು, ಮಡಿಲಲ್ಲಿದ್ದ ಪುಸ್ತಕದ ಮೇಲೆ ಬೆರಳು. ತಪ್ಪಿದ ಸಾಲಿನಲ್ಲೇ ಅವರ ಬೆರಳೂ ನಿಂತಿತ್ತು. ಹುಡುಗ ಹಿಂದೆ ಹೋಗಿ ಆ ಶಬ್ದ ಸರಿಮಾಡಿ ಓದಿ ಮುಂದುವರಿದ. ಮುಗಿಸಿದ.

ಹೊರಗೆ ಬಂದಾಗ, “ಎಲ್ಲರೂ ಹಾಗೆ ಕೂಗಬೇಕಿತ್ತಾ ಮಾವಶೀ?” ಎಂದೆ. “ತಪ್ಪು ಓದಿದರೆ ಬಿಡುವ ಹಾಗಿಲ್ಲ. ನನ್ನ ಗಂಡನಿಗೂ ಕೂಗಿದ್ದರು, ಅವರಿಗೆ ಆಗ ನಲವತ್ತು ವರ್ಷ” ಎಂದು ನಕ್ಕರು. ಅಂದು ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಆ ಓದಿನ ಒಂದು ಚಿತ್ರವೂ ಇಲ್ಲ.

ಮರುದಿನ ಸಂಜೆ ಮನೆಯಲ್ಲಿ ಮಲೀದಾ. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಬೆನೆ ಇಸ್ರೇಲರು ಮಾತ್ರ ಮಾಡುವ ಹರಕೆಯ ಊಟ. ಅರ್ಧ ಕಿಲೋ ಅವಲಕ್ಕಿ ತೊಳೆದು ಸೋಸಿ, ಹತ್ತು ನಿಮಿಷ ಬಿಟ್ಟು, ಒಂದು ದೊಡ್ಡ ತೆಂಗಿನಕಾಯಿಯ ತುರಿ, ಕಾಲು ಕಿಲೋ ಸಕ್ಕರೆ, ಏಲಕ್ಕಿ, ಚೂರು ಜಾಯಿಕಾಯಿ, ಹೆಚ್ಚಿದ ಬಾದಾಮಿ ಪಿಸ್ತಾ ಹಾಕಿ ಕೈಯಿಂದ ಹಗುರವಾಗಿ ಕಲಸುವುದು. ಸುತ್ತ ಖರ್ಜೂರ, ಬಾಳೆಹಣ್ಣು ಮೊದಲಾದ ಐದು ಬಗೆಯ ಹಣ್ಣು, ಮೇಲೆ ಗುಲಾಬಿ ಎಸಳು. ನಮ್ಮ ಗೋಕುಲಾಷ್ಟಮಿಯ ಸಿಹಿ ಅವಲಕ್ಕಿಯ ತಂಗಿ ಎನ್ನಬಹುದು. ಒಂದೇ ಎಚ್ಚರ, ತೆಳು ಅವಲಕ್ಕಿ ತೆಗೆದುಕೊಂಡರೆ ನೆನೆಸಬೇಡಿ, ಬರೇ ತೊಳೆಯಿರಿ. ನನ್ನದು ಮೊದಲ ಸಲ ಮುದ್ದೆಯಾಯಿತು.

ಪ್ರಾರ್ಥನೆ ಪೂರ್ತಿಯಾಗಿ ನಡೆಯಲು ಹತ್ತು ಗಂಡಸರು ಸೇರಬೇಕು. ಹದಿಮೂರು ತುಂಬಿದವನು ಆ ಲೆಕ್ಕಕ್ಕೆ ಬರುತ್ತಾನೆ. 1950ರ ಸುಮಾರಿಗೆ ಬೆನೆ ಇಸ್ರೇಲರು ಇಪ್ಪತ್ತು ಸಾವಿರದಷ್ಟಿದ್ದರು, ಇಂದು ದೇಶದಲ್ಲಿ ಉಳಿದವರು ನಾಲ್ಕೈದು ಸಾವಿರ. ಹೆಚ್ಚಿನವರು ಇಸ್ರೇಲಿಗೆ ಹೋದರು. ಠಾಣೆಯಲ್ಲಿ ಶನಿವಾರ ಜನ ಸೇರುತ್ತಾರೆ. ಮಾವಶಿಯ ತವರಿನ ಕಡೆ, ಕೊಂಕಣದ ಹಳ್ಳಿಗಳಲ್ಲಿ, ಹತ್ತು ಜನ ಸಿಗದೆ ಬೀಗ ಬಿದ್ದವೂ ಉಂಟು. “ಇವತ್ತು ಒಬ್ಬ ಹೆಚ್ಚಾದ” ಎಂದು ಮಲೀದಾ ಬಡಿಸುತ್ತಾ ಯಾರೋ ಹಿರಿಯರು ಹೇಳಿದರು. ಮಾವಶಿಯ ಮಗಳು ಮುಖ ತಗ್ಗಿಸಿದಳು. ಅವರ ಕಾಗದಪತ್ರವೆಲ್ಲ ಆಗಿತ್ತು, ಮಾರ್ಚಿನಲ್ಲಿ ಹೊರಡುವವರಿದ್ದರು.

ಈಗ ಹೋಗಿದ್ದಾರೆ. ಮಾವಶಿಯನ್ನೂ ಬಾ ಎನ್ನುತ್ತಾರೆ, ಅವರು ಇನ್ನೂ ಏನೂ ಹೇಳಿಲ್ಲ. ಶನಿವಾರ ರಾತ್ರಿ ಅಲ್ಲಿ ಕತ್ತಲಾಗುವುದು ನಮಗಿಂತ ಎರಡು ಮೂರು ಗಂಟೆ ತಡ. ಅಷ್ಟು ಹೊತ್ತು ಎದ್ದು ಕೂತು ಫೋನಿಗೆ ಕಾಯುತ್ತಾರೆ. ಆ ವಾರದ ಭಾಗದ ನಾಲ್ಕು ಸಾಲನ್ನು ಅಜ್ಜಿ ಓದಬೇಕು, ಮೊಮ್ಮಗ ತಪ್ಪು ಹಿಡಿಯಬೇಕು. ಗೋಡೆಯಾಚೆಯಿಂದ ನಮಗೂ ಕೇಳಿಸುತ್ತದೆ. ಮೊನ್ನೆ ನಮ್ಮ ಕಿರಿಯವ ಓದುವುದು ಬಿಟ್ಟು ಕಿವಿಗೊಟ್ಟು, “ಅವನು ಎಷ್ಟು ತಿಂಗಳು ಕಲಿತದ್ದು?” ಎಂದು ಕೇಳಿದ. ಎಂಟು ಎಂದೆ. ಏನೂ ಅನ್ನಲಿಲ್ಲ. ನಾನು ಕಾಗುಣಿತದ ಪುಸ್ತಕ ಹುಡುಕಿ ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ, ಸದ್ಯ ಅಲ್ಲೇ ಇದೆ.

ನಿನ್ನೆ ಶುಕ್ರವಾರ. ಮಾವಶಿ ಬಂದು ತುರಿಯುವ ಮಣೆ ಒಯ್ದರು. ಒಬ್ಬರಿಗೆ ಎಷ್ಟು ಕಾಯಿ ಬೇಕು, ಆದರೂ ಒಯ್ದರು.