ಗುರುಗಳ ಸೊಂಟದಲ್ಲಿ ಪಿಸ್ತೂಲು

ಜತ್ತ ತಾಲೂಕಿನ ನಮ್ಮಂಥ ಕನ್ನಡ ಶಾಲೆಯವರಿಗೆ ಪೊಲೀಸರ ಜೊತೆ ಕೆಲಸ ಬೀಳುವುದು ಹೆಚ್ಚಾಗಿ ಎರಡೇ ಹೊತ್ತಿನಲ್ಲಿ: ಹತ್ತನೆಯ ಪರೀಕ್ಷೆಯ ಬಂದೋಬಸ್ತು, ಇಲ್ಲವೆ ಇಲೆಕ್ಷನ್ ಡ್ಯೂಟಿ. ಬಂದೂಕು ಅವರ ಹೆಗಲಿಗೆ, ಮತಯಂತ್ರದ ಪೆಟ್ಟಿಗೆ ನಮ್ಮ ಕೈಗೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಈ ಗೆರೆಯೇ ಅಳಿಸಿದೆ. ಅಲ್ಲಿ ಶಿಕ್ಷಕರೂ ಪಿಸ್ತೂಲು ಇಟ್ಟುಕೊಂಡು ಪಾಠಕ್ಕೆ ಹೋಗಬಹುದು.

ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರವರಿ 14ರಂದು 17 ಜನ ಸತ್ತರು. ಮಕ್ಕಳಿಗೆ ಅಡ್ಡ ನಿಂತು ಪ್ರಾಣ ಕೊಟ್ಟ ಫುಟ್‌ಬಾಲ್ ಕೋಚ್ ಆರನ್ ಫೀಸ್ ಅವರ ಹೆಸರಿನಲ್ಲೇ ಅದೇ ವರ್ಷ ‘ಗಾರ್ಡಿಯನ್’ ಯೋಜನೆ ಬಂತು. ಅವರ ಕೈಯಲ್ಲಿ ಆಯುಧ ಇರಲಿಲ್ಲ, ಇದನ್ನು ಮರೆಯಬಾರದು. 2019ರಲ್ಲಿ ತರಗತಿಯ ಶಿಕ್ಷಕರಿಗೂ ಅವಕಾಶ ಕೊಟ್ಟರು. ತರಬೇತಿ ಕೊಡುವವರು ಶೆರಿಫ್, ಅಂದರೆ ನಮ್ಮ ಎಸ್.ಪಿ. ಸಾಹೇಬರಿದ್ದಂತೆ, ಕನಿಷ್ಠ 144 ಗಂಟೆ. ಯಾರನ್ನೂ ಬಂಧಿಸುವ ಅಧಿಕಾರ ಮಾತ್ರ ಇಲ್ಲ.

ಗುರಿ ಇಡುವುದನ್ನು ಕಲಿಸಬಹುದು. ಆದರೆ ಓಡಿ ಬರುವ ಪೊಲೀಸರಿಗೆ ಸಾದಾ ಅಂಗಿಯಲ್ಲಿ ಪಿಸ್ತೂಲು ಹಿಡಿದವರು ಗುರುಗಳೋ ಕೊಲೆಗಾರನೋ ಹೇಗೆ ತಿಳಿಯಬೇಕು? ಕೊಲರಾಡೊದ ಆರ್ವಾಡಾ ಪಟ್ಟಣದಲ್ಲಿ, ಶಾಲೆಯಲ್ಲಲ್ಲ, ಬೀದಿಯಲ್ಲಿ, 2021ರ ಜೂನ್ 21ರಂದು ಒಬ್ಬ ನಾಗರಿಕ ಕೊಲೆಗಾರನಿಗೆ ಗುಂಡು ಹೊಡೆದು ಅವನ ಬಂದೂಕು ಎತ್ತಿಕೊಂಡಿದ್ದ. ಆಗಷ್ಟೇ ಬಂದ ಪೊಲೀಸನೊಬ್ಬ ಆ ಬಂದೂಕು ನೋಡಿ ಅವನನ್ನೇ ಕೊಂದುಬಿಟ್ಟ.

ಪೊಲೀಸರು ಬಂದೊಡನೆ ಖಾಲಿ ಕೈ ಎತ್ತಿ ತೋರಿಸಿ ಎಂಬುದು ಅಲ್ಲಿ ಎಲ್ಲರಿಗೂ ಕಲಿಸುವ ಪಾಠ. ಪಕ್ಕದ ಕೋಣೆಯಲ್ಲಿ ಕೊಲೆಗಾರ ಇನ್ನೂ ಬದುಕಿದ್ದರೆ? ಬೆನ್ನ ಹಿಂದೆ ಮೂವತ್ತು ಮಕ್ಕಳಿದ್ದರೆ ನಾವಾದರೂ ಪಿಸ್ತೂಲು ಕೆಳಗಿಡುತ್ತೇವೆಯೇ?

ಟೆನ್ನೆಸ್ಸಿಯ 2024ರ ಕಾಯ್ದೆಯ ಪ್ರಕಾರ ಮುಖ್ಯಾಧ್ಯಾಪಕರು, ಶಿಕ್ಷಣಾಧಿಕಾರಿ, ಪೊಲೀಸ್ ಮುಖ್ಯಸ್ಥರು ಮೂವರೂ ಒಪ್ಪಬೇಕು. ಅದು ಸರಿಯೇ. ಆದರೆ ಯಾರ ಬಳಿ ಆಯುಧ ಇದೆ ಎಂಬುದನ್ನು ಪಾಲಕರಿಗೂ ಜೊತೆಗಾರ ಶಿಕ್ಷಕರಿಗೂ ಹೇಳುವಂತಿಲ್ಲ. ಗುಟ್ಟಾಗಿದ್ದರೇ ರಕ್ಷಣೆ ಎನ್ನುತ್ತಾರೆ. ಠಾಣೆಯ ಸಾಹೇಬರ ಬಳಿ ಪಟ್ಟಿ ಇದ್ದೀತು. ಮೊದಲು ಬಾಗಿಲು ಒದೆಯುವ ಪೇದೆ ಪಕ್ಕದ ಊರಿನವನಾದರೆ?

ಸಮವಸ್ತ್ರದವರ ನಡುವೆಯೇ ಹೊಂದಾಣಿಕೆ ಕಷ್ಟ. 2022ರ ಮೇ 24ರಂದು ಟೆಕ್ಸಸ್‌ನ ಉವಾಲ್ಡೆ ಶಾಲೆಗೆ 376 ಪೊಲೀಸರು ಬಂದರೂ ಹಂತಕನ ಕೋಣೆ ಹೊಕ್ಕು ಅವನನ್ನು ಕೊಲ್ಲಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು.

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಮಾತಾಡುವಾಗ ಒಂದನೆಯ ತರಗತಿಯ ಬಾಯಿಯವರು ಕೇಳಿದರು, “ಸರ್, ಸಣ್ಣ ಹುಡುಗರು ಓಡಿ ಬಂದು ಸೊಂಟಕ್ಕೆ ಅಪ್ಪಿಕೊಳ್ತಾವಲ್ರಿ, ಆಗೇನು ಮಾಡ್ತಾರಂತ?”