ಗಡಿ ದಾಟದ ಈದಿ

ಈದಿ ಎಂದೊಡನೆ ನನಗೆ ನೆನಪಾಗುವುದು ಅಮ್ಮಿಯ ಸೆರಗಿನ ಗಂಟು.

ನಾವು ಹೊನ್ನಾಳಿಯಲ್ಲಿದ್ದೆವು. ಅಬ್ಬಾ ದರ್ಜಿ. ಅವರ ದುಡಿಮೆ ಅಕ್ಕಿಗೆ, ಮನೆ ಬಾಡಿಗೆಗೆ ಸರಿಹೋಗುತ್ತಿತ್ತು. ಅಡಿಕೆ ಕೊಯ್ಲು ಶುರುವಾದರೆ ಅಮ್ಮಿ ಓಣಿಯ ಹೆಂಗಸರ ಜೊತೆ ಚನ್ನಗಿರಿ ಕಡೆಗೆ ಸುಲಿಯಲು ಹೋಗುತ್ತಿದ್ದರು. ಖೇಣಿದಾರರ ಕಣದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತರೆ ರಾತ್ರಿಯವರೆಗೂ ಕೆಲಸ. ಡಬ್ಬದ ಲೆಕ್ಕದಲ್ಲಿ ಕೂಲಿ. ಅಡಿಕೆಯ ಚೊಗರಿಗೆ ಅವರ ಬೆರಳುಗಳು ಕಪ್ಪಾಗಿ, ಎಷ್ಟು ತಿಕ್ಕಿದರೂ ಬಿಳಿಯಾಗುತ್ತಿರಲಿಲ್ಲ. ಆ ಕೂಲಿಯಲ್ಲಿ ಒಂದಿಷ್ಟು ಸೆರಗಿನ ಗಂಟು ಸೇರುತ್ತಿತ್ತು. ಅದೆಷ್ಟಿದೆ ಎಂದು ಅಬ್ಬಾ ಒಮ್ಮೆಯೂ ಕೇಳಿದ್ದನ್ನು ನಾನು ಕಾಣೆ. ಹಬ್ಬದ ದಿನ ನಮಾಜು ಮುಗಿಸಿ ಗಂಡಸರು ಬಂದ ಮೇಲೆ ಆ ಗಂಟು ಬಿಚ್ಚುತ್ತಿತ್ತು. ಮಕ್ಕಳ ಕೈಗೆ ಎರಡು ರೂಪಾಯಿ, ಐದು ರೂಪಾಯಿ.

ಆಪಾಳನ್ನು ಜಗಳೂರಿಗೆ ಕೊಟ್ಟ ಮೇಲೆ ಅಮ್ಮಿಯ ಈದಿ ದೂರ ಪ್ರಯಾಣ ಮಾಡತೊಡಗಿತು. ಶಾವಿಗೆ ಡಬ್ಬಿಯೊಳಗೆ ಹತ್ತು ರೂಪಾಯಿಯ ಐದು ನೋಟು ಮಡಚಿಟ್ಟು, ಡಬ್ಬಿಗೆ ಬಟ್ಟೆ ಕಟ್ಟಿ, ದಾವಣಗೆರೆ ಬಸ್ಸಿನ ಕಂಡಕ್ಟರನ ಕೈಲಿ ಕೊಡುತ್ತಿದ್ದರು. ದಾವಣಗೆರೆಯಲ್ಲಿ ಆತ ಅದನ್ನು ಜಗಳೂರಿನ ಬಸ್ಸಿಗೆ ದಾಟಿಸುತ್ತಿದ್ದ. ಸಂಜೆಯ ಹೊತ್ತಿಗೆ ಭಾವನ ಅಂಗಡಿಗೆ ಡಬ್ಬಿ ತಲುಪುತ್ತಿತ್ತು. ಆಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಎಲ್ಲವೂ ಒಂದಾದವು. ಅಮ್ಮಿಗೆ ಅದ್ಯಾವುದೂ ತಿಳಿಯದು. ಅವರ ನೋಟು ಜಿಲ್ಲೆಯ ಗಡಿ ದಾಟುವಾಗ ಯಾರೂ ಅದನ್ನು ತಡೆದು ನೀನು ಯಾವ ಊರಿನವಳು ಎಂದು ಕೇಳಲಿಲ್ಲ.

ನಾನು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವಳು. ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನೂ, ಕೊಟ್ಟಕೊನೆಯ ಸಾಲಿನ ಉರ್ದುವನ್ನೂ ಓದಿ ತೋರಿಸಿ ಅಮ್ಮಿಯ ಮುಂದೆ ಹೆಮ್ಮೆಪಡುತ್ತಿದ್ದೆ. ನನ್ನ ಎರಡೂ ಶಾಲೆಗಳು ಒಂದೇ ನೋಟಿನಲ್ಲಿದ್ದವು.

ಇಷ್ಟನ್ನು ಹೇಳಿದ್ದು ಮುಂದಿನ ಕಥೆಗಾಗಿ.

ನನ್ನ ಮದುವೆ ಚನ್ನಗಿರಿಗೆ ಆಯಿತು. 2016ರಲ್ಲಿ ಯಜಮಾನರ ಜೊತೆ ಸೌದಿ ಅರೇಬಿಯಾದ ದಮ್ಮಾಮಿಗೆ ಹೋದೆ. ಅವರಿಗೆ ಅಲ್ಲೊಂದು ವರ್ಕ್‌ಶಾಪಿನಲ್ಲಿ ಕೆಲಸ. ನನ್ನ ಇಖಾಮಾದಲ್ಲಿ ನಾನು ಅವಲಂಬಿತೆ. ಅವರ ಹೆಸರಿನ ನೆರಳಿನಲ್ಲಿ ನನ್ನ ಹೆಸರು. ಅಲ್ಲಿ ನನಗೆ ಬ್ಯಾಂಕ್ ಖಾತೆ ಇರಲಿಲ್ಲ. ತೆರೆಯಬಹುದೇ ಎಂದು ನಾನು ಕೇಳಲಿಲ್ಲ, ಅವರೂ ಆ ಮಾತೆತ್ತಲಿಲ್ಲ. 2017ರ ಜುಲೈಯಿಂದ ಸರಕಾರ ವಿದೇಶಿ ಕೆಲಸಗಾರರ ಕುಟುಂಬದವರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು ವರ್ಷ ವರ್ಷ ಏರಿ 2020ಕ್ಕೆ 400 ಆಗಲಿತ್ತು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಊರಿಗೆ ಮರಳಿದವು. ನಾವು ಉಳಿದೆವು. ಯಜಮಾನರು ಆ ಶುಲ್ಕದ ಬಗ್ಗೆ ನನಗೆ ಒಂದು ಮಾತೂ ಅಂದವರಲ್ಲ. ಆದರೂ ನಾನು ಉಸಿರಾಡುವುದಕ್ಕೂ ತಿಂಗಳಿಗೊಂದು ಬೆಲೆಯಿದೆ ಎಂಬ ಭಾವ ನನ್ನನ್ನು ಬಿಡಲಿಲ್ಲ. ಹೀಗಿರುವಾಗ ಊರಿಗೆ ಕಳಿಸಲು ದುಡ್ಡು ಕೇಳುವುದು ಹೇಗೆ?

ಕೇಳದೇ ಇರುವ ದಾರಿಯೊಂದನ್ನು ಕಂಡುಕೊಂಡೆ. ಮನೆಖರ್ಚಿನ ದುಡ್ಡಿನಲ್ಲಿ ರಿಯಾಲ್ ರಿಯಾಲ್ ಉಳಿಸಿ ಮಸಾಲೆ ಡಬ್ಬಿಯ ತಳದಲ್ಲಿ ಇಡುತ್ತಿದ್ದೆ. ಅಮ್ಮಿಗೆ ಸೆರಗಿನ ಗಂಟು, ನನಗೆ ಮಸಾಲೆ ಡಬ್ಬಿ. ವ್ಯತ್ಯಾಸವಿಷ್ಟೇ, ಅಮ್ಮಿಯ ಗಂಟಿನಲ್ಲಿ ಅವರದೇ ದುಡಿಮೆ ಇತ್ತು.

2020ರ ರಮಝಾನ್ ಬಂತು. ಕೊರೊನಾದ ದಿನಗಳು. ವಿಮಾನಗಳು ನಿಂತಿದ್ದವು. ಗಲ್ಫಿನ ಹೆಂಗಸರ ನಿಜವಾದ ಅಂಚೆ ಎಂದರೆ ಊರಿಗೆ ಹೊರಟವರ ಸೂಟ್‌ಕೇಸು. ಒಂದು ಅತ್ತರಿನ ಶೀಶೆ, ಮಗುವಿಗೊಂದು ಫ್ರಾಕು, ಲಕೋಟೆಯಲ್ಲಿ ಸ್ವಲ್ಪ ದುಡ್ಡು ಅದರಲ್ಲೇ ಹೋಗಬೇಕು. ಆ ವರ್ಷ ಸೂಟ್‌ಕೇಸು ಇರಲಿಲ್ಲ. ಯಜಮಾನರ ಸಂಬಳ ಅರ್ಧಕ್ಕೆ ಇಳಿದಿತ್ತು. “ಈ ಸಲ ಈದಿ ಗೀದಿ ಬೇಡ, ಬದುಕಿದ್ದರೆ ಮುಂದಿನ ವರ್ಷ ನೋಡೋಣ” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಆದರೆ ಜಗಳೂರಿನಲ್ಲಿ ಆಪಾಳ ಕಿರಿಮಗಳು ಎಸ್‌ಎಸ್‌ಎಲ್‌ಸಿಯಲ್ಲಿದ್ದಳು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಚಂದನ ವಾಹಿನಿಯಲ್ಲಿ ಬರುವ ಪಾಠ ನೋಡುತ್ತಿದ್ದಳು. ಇಂಗ್ಲಿಷಿಗೆ ಅವಳು ಹೆದರುತ್ತಿದ್ದಳು. ಇಂಗ್ಲಿಷ್ ಕಲಿಸುವ ಒಂದು ಆ್ಯಪ್ ಇದೆಯೆಂದೂ, ಅದರ ಮೊದಲ ಪಾಠಗಳು ಪುಕ್ಕಟೆ, ಮುಂದಿನವಕ್ಕೆ ದುಡ್ಡು ಕೊಡಬೇಕೆಂದೂ ಹೇಳಿದ್ದಳು. ಕೇಳಿದ್ದಲ್ಲ, ಬರೀ ಹೇಳಿದ್ದು. ಬಡವರ ಮನೆಯ ಮಕ್ಕಳು ಕೇಳುವ ರೀತಿಯೇ ಅದು.

ನಮ್ಮ ಬೀದಿಯ ಬಕಾಲಾದಲ್ಲಿ, ಅಂದರೆ ಕಿರಾಣಿ ಅಂಗಡಿಯಲ್ಲಿ, ಗಲ್ಲಾದ ಹಿಂದೆ ಬಣ್ಣಬಣ್ಣದ ಕಾರ್ಡುಗಳನ್ನು ತೂಗುಹಾಕಿರುತ್ತಿದ್ದರು. ಫೋನಿನೊಳಗಿನ ಅಂಗಡಿಗಳ ಗಿಫ್ಟ್ ಕಾರ್ಡುಗಳು. ನಗದು ಕೊಟ್ಟು ಕೊಳ್ಳಬೇಕು, ಹಿಂಬದಿಯ ಬೂದುಬಣ್ಣವನ್ನು ಕೆರೆದರೆ ಒಂದು ಸಂಖ್ಯೆ. ಅದನ್ನು ಫೋನಿಗೆ ತುಂಬಿದರೆ ಅಷ್ಟು ದುಡ್ಡು ಆ ಅಂಗಡಿಯ ಖಾತೆಗೆ ಜಮಾ. ಇಖಾಮಾ ಕೇಳುವುದಿಲ್ಲ, ಬ್ಯಾಂಕ್ ಖಾತೆ ಕೇಳುವುದಿಲ್ಲ, ಗಂಡನ ಹೆಸರು ಕೇಳುವುದಿಲ್ಲ. ಇದು ನನ್ನಂಥವಳಿಗಾಗಿಯೇ ಮಾಡಿದ ಅಂಚೆ ಎನಿಸಿತು. ಕರ್ಫ್ಯೂ ಸಡಿಲವಿದ್ದ ಹೊತ್ತಿನಲ್ಲಿ ಹೋಗಿ 100 ರಿಯಾಲಿನ ಕಾರ್ಡು ತಂದೆ. ಅಂಗಡಿಯವನು ಮೇಲೆ ಐದು ರಿಯಾಲ್ ಇಟ್ಟುಕೊಂಡ. ಅಂದಿನ ಲೆಕ್ಕದಲ್ಲಿ 100 ರಿಯಾಲ್ ಎಂದರೆ ಸುಮಾರು ಎರಡು ಸಾವಿರ ರೂಪಾಯಿ, ನನ್ನ ಏಳೆಂಟು ತಿಂಗಳ ಉಳಿತಾಯ.

ಊರಿನಲ್ಲಿ ಹಬ್ಬ ನಮಗಿಂತ ಒಂದು ದಿನ ತಡ. ಅಂದು ಬೆಳಿಗ್ಗೆ ಫೋನು ಮಾಡಿ ಒಂದೊಂದೇ ಅಕ್ಷರ, ಒಂದೊಂದೇ ಅಂಕೆ ಓದಿದೆ. ಹುಡುಗಿ ಬರೆದುಕೊಂಡಳು, ತುಂಬಿದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, “ಖಾಲಾ, ಇದು ನಮ್ಮ ದೇಶದಲ್ಲಿ ನಡೆಯಲ್ಲವಂತೆ” ಎಂದಳು.

ಸಂಖ್ಯೆ ತಪ್ಪಿರಬೇಕೆಂದು ಮೂರು ಸಲ ಓದಿದೆ. ಮೂರು ಸಲವೂ ಅದೇ ಉತ್ತರ. ಹಬ್ಬದ ದಿನ ಆ ಮಗುವಿನಿಂದ ಮೂರು ಸಲ ಇಲ್ಲ ಎನ್ನಿಸಿದೆ. “ಇರಲಿ ಬಿಡಿ ಖಾಲಾ, ನಿಮ್ಮ ದುವಾ ಸಾಕು” ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಪಕ್ಕದ ಮನೆಯ ಮಲಯಾಳಿ ಹೆಂಗಸಿನ ಮಗ, ಹದಿನಾಲ್ಕರ ಹುಡುಗ, ಕಾರ್ಡು ನೋಡಿ ನಕ್ಕ. “ಆಂಟಿ, ಇದು ಸೌದಿಯ ಕಾರ್ಡು. ಸೌದಿಯಲ್ಲಿ ತೆರೆದ ಖಾತೆಗೆ ಮಾತ್ರ ಆಗುತ್ತೆ” ಎಂದು ಮೂಲೆಯ ಚಿಕ್ಕ ಅಕ್ಷರಗಳನ್ನು ತೋರಿಸಿದ. ಅರಬಿಯಲ್ಲಿ ‘ಅಸ್ಸವೂದಿಯಾ’ ಎಂದಿತ್ತು. ಉರ್ದು ಶಾಲೆಯಲ್ಲಿ ಕಲಿತವಳಿಗೆ ಅದನ್ನು ಓದಲು ಕಷ್ಟವೇನಿರಲಿಲ್ಲ. ಕೊಳ್ಳುವಾಗಲೇ ಓದಿದ್ದೆ. ಕಾರ್ಡು ಮಾರುವ ದೇಶದ ಹೆಸರೆಂದುಕೊಂಡಿದ್ದೆ. ದುಡ್ಡು ಖರ್ಚಾಗಬೇಕಾದ ದೇಶದ ಹೆಸರು ಅದೆಂದು ಹೊಳೆಯಲಿಲ್ಲ. ಹುಡುಗ ಆ ಸಂಖ್ಯೆಯನ್ನು ತನ್ನ ಆಟಕ್ಕೆ ತುಂಬಿಕೊಂಡ. ಅವನ ತಾಯಿ 100 ರಿಯಾಲ್ ತಂದು ನನ್ನ ಕೈಗಿತ್ತಳು. ಆ ಉಪಕಾರವನ್ನು ನಾನು ಮರೆತಿಲ್ಲ.

ಈಗ ನೋಟು ಮತ್ತೆ ನನ್ನ ಕೈಯಲ್ಲಿತ್ತು, ದಾರಿ ಇರಲಿಲ್ಲ. ಕೊನೆಗೆ ಯಜಮಾನರ ಮುಂದಿಟ್ಟೆ. “ಎಲ್ಲಿಂದ ಬಂತು?” ಎಂದರು. “ಉಳಿಸಿದ್ದು” ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಜೂನ್ ತಿಂಗಳ ದುಡ್ಡಿನ ಜೊತೆ ಸೇರಿಸಿ ಭಾವನ ಖಾತೆಗೆ ಕಳಿಸಿದರು. ಪರೀಕ್ಷೆಗೆ ಕೆಲವೇ ದಿನ ಉಳಿದಿತ್ತು. ಮರುದಿನ ಹುಡುಗಿಯ ದನಿ ಬಂತು: “ಖಾಲೂನ ಈದಿ ಸಿಕ್ಕಿತು. ಖಾಲೂಗೆ ನನ್ನ ಸಲಾಮ್ ಹೇಳಿ.”

ಹೇಳಿದೆ. ದುಡ್ಡು ಗಡಿ ದಾಟಿತು, ನನ್ನ ಹೆಸರು ದಾಟಲಿಲ್ಲ.

ಆಮೇಲೆ ಈ ಕಾರ್ಡುಗಳ ವಿಷಯ ವಿಚಾರಿಸಿ ತಿಳಿದುಕೊಂಡೆ. ಗಲ್ಫಿನಲ್ಲಿ ಮಕ್ಕಳು, ಬಂಧುಗಳು ಇರುವ ಓದುಗರಿಗೆ ಉಪಯೋಗವಾದೀತು. ಆ್ಯಪಲ್, ಗೂಗಲ್ ಪ್ಲೇ, ಅಮೆಜಾನ್ ಯಾವುದೇ ಇರಲಿ, ಗಿಫ್ಟ್ ಕಾರ್ಡಿಗೆ ಒಂದು ದೇಶವಿರುತ್ತದೆ. ಸೌದಿಯ ಕಾರ್ಡು ಭಾರತದ ಖಾತೆಗೆ ಸೇರದು, ಭಾರತದ್ದು ಅಮೆರಿಕದ ಖಾತೆಗೆ ಸೇರದು. ಒಂದೇ ವಸ್ತುವಿನ ಬೆಲೆ ದೇಶದಿಂದ ದೇಶಕ್ಕೆ ಬೇರೆ. ತೆರಿಗೆಯೂ ಬೇರೆ. ಪುಸ್ತಕ, ಸಿನೆಮಾಗಳ ಹಕ್ಕುಗಳನ್ನೂ ದೇಶವಾರು ಮಾರಿರುತ್ತಾರೆ. ಜೊತೆಗೆ ಹಣ ಗಡಿ ದಾಟುವುದರ ಮೇಲೆ ಪ್ರತಿ ಸರಕಾರದ ಕಣ್ಣೂ ಇರುತ್ತದೆ. ಹಾಗಾದರೆ ಖಾತೆಯ ದೇಶವನ್ನೇ ಬದಲಿಸಿದರಾಯಿತಲ್ಲ ಎನ್ನಬಹುದು. ಗೂಗಲ್ ಪ್ಲೇ ಅದನ್ನು ವರ್ಷಕ್ಕೊಮ್ಮೆ ಮಾತ್ರ ಬಿಡುತ್ತದೆ, ಹಳೆಯ ದೇಶದ ಬಾಕಿ ಹೊಸ ದೇಶದಲ್ಲಿ ನಡೆಯುವುದಿಲ್ಲ. ಆ್ಯಪಲ್‌ನಲ್ಲಿ ಇದ್ದ ಬಾಕಿಯನ್ನು ಮೊದಲು ತೀರಿಸಿಕೊಳ್ಳಬೇಕು. ವಿದೇಶದಿಂದ ಮರಳಿದ ಎಷ್ಟೋ ಜನರ ಸಣ್ಣಪುಟ್ಟ ದುಡ್ಡು ಹೀಗೆ ಅಲ್ಲಲ್ಲೇ ಉಳಿದುಬಿಡುತ್ತದೆ.

ಆದ್ದರಿಂದ ಪಡೆಯುವವರ ಖಾತೆ ಯಾವ ದೇಶದ್ದೋ ಆ ದೇಶದ ಕಾರ್ಡನ್ನೇ ಕೊಳ್ಳಬೇಕು. ವಿಚಾರಿಸದೆ ಕೆರೆಯಬಾರದು, ರಸೀದಿ ಎಸೆಯಬಾರದು. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಡಿ ಬರುವ ಗಿಫ್ಟ್ ಕಾರ್ಡುಗಳು 10,000 ರೂಪಾಯಿ ಮೀರುವಂತಿಲ್ಲ, ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರಬೇಕು, ನಗದಾಗಿ ಹಿಂಪಡೆಯಲು ಬರುವುದಿಲ್ಲ. ಇನ್ನೊಂದು ಮಾತು. ಪೊಲೀಸರೆಂದೋ ಬ್ಯಾಂಕಿನವರೆಂದೋ ಹೇಳಿಕೊಂಡು ಫೋನಿನಲ್ಲಿ ಕಾರ್ಡಿನ ಸಂಖ್ಯೆ ಕೇಳುವವರು ಮೋಸಗಾರರು. ಯಾವ ಸರಕಾರಿ ಕಚೇರಿಯೂ ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿಸಿಕೊಳ್ಳುವುದಿಲ್ಲ. ಸಂಖ್ಯೆ ಹೇಳಿದರೆ ನಗದು ಕೊಟ್ಟಂತೆಯೇ.

ಇವೆಲ್ಲ ತಿಳಿದ ಮೇಲೂ ನನ್ನೊಳಗೊಂದು ಪ್ರಶ್ನೆ ಉಳಿಯಿತು. ಕಾರ್ಡು ನನ್ನ ಹೆಸರು ಕೇಳಲಿಲ್ಲವೆಂದು ನಾನೇಕೆ ಅಷ್ಟು ಹಿಗ್ಗಿದೆ? ನನ್ನ ಹೆಸರಿನಲ್ಲಿ ಕೊಡುವ ದಾರಿ ನನಗೆ ಇಲ್ಲದ್ದರಿಂದ ತಾನೇ? ಹೆಣ್ಣಿನ ಮಹ್ರ್ ಅವಳದೇ, ಅವಳ ಗಳಿಕೆ ಅವಳದೇ ಎಂದು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಆದರೆ ಅದನ್ನು ಇಡಲು ಅವಳ ಬಳಿ ಮಸಾಲೆ ಡಬ್ಬಿಯಲ್ಲದೆ ಬೇರೇನಿದೆ ಎಂದು ಕೇಳುವುದಿಲ್ಲ. ಇತರರನ್ನು ಏಕೆ ದೂರಲಿ? ನಾನು ಕಥೆ ಬರೆಯುವವಳು. ನನ್ನ ಕಥೆಗಳಲ್ಲಿ ಹೆಂಗಸರು ಗಂಡನೆದುರು ಖಡಾಖಂಡಿತವಾಗಿ ಮಾತಾಡುತ್ತಾರೆ. ಕಥೆ ಅಚ್ಚಾಗಿ ಗೌರವಧನಕ್ಕೆ ಸಂಪಾದಕರು ಖಾತೆ ಸಂಖ್ಯೆ ಕೇಳಿದಾಗಲೆಲ್ಲ ನಾನು ಕಳಿಸುತ್ತಿದ್ದುದು ಯಜಮಾನರದನ್ನು.

2021ರಲ್ಲಿ ಚನ್ನಗಿರಿಗೆ ಮರಳಿದೆವು. ಮೊದಲ ತಿಂಗಳಲ್ಲೇ ನನ್ನ ಹೆಸರಿನಲ್ಲಿ ಖಾತೆ ತೆರೆದೆ. ಅಂದು ಬ್ಯಾಂಕಿನಿಂದ ಬಂದು ಯಜಮಾನರಿಗೆ ಕಾರ್ಡಿನ ಕಥೆ ಪೂರ್ತಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. “ನಿನ್ನದು ನನ್ನದು ಅಂತ ಬೇರೆ ಇದೆ ಅನ್ನೋದೇ ನನಗೆ ಹೊಳೆದಿರಲಿಲ್ಲ” ಎಂದರು. ಅವರು ಸುಳ್ಳು ಹೇಳುವವರಲ್ಲ. ಬಿಸಿಲಲ್ಲಿ ದುಡಿದು ಸಂಸಾರ ಸಾಕಿದ ಮನುಷ್ಯ. ಹೊಳೆಯದೇ ಇರುವಂತೆ ನಾವಿಬ್ಬರೂ ಬೆಳೆದಿದ್ದೆವು.

ಈಗ ದಾರಿಗಳು ಹೆಚ್ಚಾಗಿವೆ. 2023ರಲ್ಲಿ ಸೌದಿ, ಯುಎಇ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ಮೊಬೈಲ್ ಸಂಖ್ಯೆಯಿಂದ ಅನಿವಾಸಿಗಳು ತಮ್ಮ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಯುಪಿಐಗೆ ಜೋಡಿಸಲು ಅನುಮತಿ ಸಿಕ್ಕಿತು. ಆದರೆ ಅದಕ್ಕೂ ಮೊದಲು ಒಂದು ಖಾತೆ ಬೇಕು, ಅದರ ಮೇಲೆ ಹೆಸರು ಬೇಕು. ಪಾಸ್‌ಪೋರ್ಟು ಮಾಡಿಸುವಾಗಲೇ ಮಗಳ ಕೈಗೆ ಪಾಸ್‌ಬುಕ್ಕನ್ನೂ ಕೊಡಿ ಎಂದು ಹೆತ್ತವರಿಗೆ ನನ್ನ ವಿನಂತಿ.

ಜಗಳೂರಿನ ಆ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. 2025ರ ಈದ್ ದಿನ ನನ್ನ ಫೋನಿಗೆ ಅವಳಿಂದ 500 ರೂಪಾಯಿಯ ಗಿಫ್ಟ್ ಕಾರ್ಡು ಬಂತು. ಪುಸ್ತಕ ಕೊಳ್ಳಲು ಎಂದಿತ್ತು. ಫೋನು ಮಾಡಿ, ಐದು ವರ್ಷದ ಹಿಂದಿನ ಈದಿ ಖಾಲೂನದಲ್ಲ, ನನ್ನದು ಎಂದು ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಕೊಟ್ಟದ್ದನ್ನು ಎತ್ತಿ ಆಡಿದಂತೆ.

“ಆವತ್ತೇ ಹೇಳಬಹುದಿತ್ತಲ್ಲ ಖಾಲಾ?” ಎಂದಳು.

ಉತ್ತರ ತೋಚಲಿಲ್ಲ. ಆ ಕಾರ್ಡಿನಲ್ಲಿ ಕಳಿಸಿದವರ ಹೆಸರಿಗೆಂದು ಒಂದು ಜಾಗವಿದೆ. ಅವಳು ಅಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ, ಕನ್ನಡದಲ್ಲಿ ಬರೆದಿದ್ದಳು.