ಹಕ್ಕಲಾಯುವ ಹೆಂಗಸರು

ಫ್ರಾನ್ಸ್ ದೇಶದ ಚಿತ್ರಕಾರನಾದ ಝಾಂ ಫ್ರಾಂಸ್ವಾ ಮಿಲೆಯು (1814-1875) ನಾರ್ಮಂಡಿಯ ಒಕ್ಕಲುಮನೆಯಲ್ಲಿ ಹುಟ್ಟಿ, ಹೊಲದ ದುಡಿಮೆಯನ್ನು ಎಳೆತನದಲ್ಲಿಯೇ ಅರಿತವನು. 1849ರಿಂದ ಬಾರ್ಬಿಜೋಂ ಎಂಬ ಹಳ್ಳಿಯಲ್ಲಿ ನೆಲಸಿದನು. 1857ರಲ್ಲಿ ಆತನು ಪ್ಯಾರಿಸ್ಸಿನ ಪ್ರದರ್ಶನದಲ್ಲಿರಿಸಿದ ಪಟದೊಳಗೆ ದೇವತೆಗಳಿಲ್ಲ, ಅರಸರಿಲ್ಲ. ಕೊಯ್ಲು ಮುಗಿದ ಹೊಲದಲ್ಲಿ ಹಕ್ಕಲಾಯುವ ಮೂವರು ಬಡ ಹೆಂಗಸರಿದ್ದಾರೆ.

ಇಬ್ಬರು ನೆಲದತ್ತ ಬಾಗಿ ತೆನೆಗಳನ್ನು ಹೆಕ್ಕುತ್ತಿದ್ದಾರೆ. ಮೂರನೆಯವಳು ಅರೆಬಾಗಿ ನಿಂತಿದ್ದಾಳೆ. ಮುಖಗಳು ನೆರಳಿನಲ್ಲಿ ಅಡಗಿವೆ. ದುಡಿದ ಕೈಗಳೇ ಮಾತನಾಡುತ್ತವೆ. ದೂರದಲ್ಲಿ ಬಿಸಿಲು ಬಿದ್ದ ಬಣವೆಗಳು, ತೆನೆಹೊರೆ ತುಂಬಿದ ಬಂಡಿ, ಕುದುರೆಯೇರಿದ ಮೇಲ್ವಿಚಾರಕ. ಸಮೃದ್ಧಿಯೂ ದಾರಿದ್ರ್ಯವೂ ಒಂದೇ ಹೊಲದಲ್ಲಿವೆ. 1848ರ ಕ್ರಾಂತಿಯನ್ನು ಮರೆಯದಿದ್ದ ಧನಿಕವರ್ಗವು ಇದನ್ನು ಕಂಡು ಅಳುಕಿತು.

ಭರತಖಂಡದ ಶಾಸ್ತ್ರಕಾರರು ಕಾಳನ್ನಾಯುವುದನ್ನು ಉಂಛವೆಂದೂ ತೆನೆಯನ್ನಾಯುವುದನ್ನು ಶಿಲವೆಂದೂ ಕರೆದರು. ಮನುವು ಈ ವೃತ್ತಿಗೆ ‘ಋತ’ವೆಂಬ ಹೆಸರನ್ನಿತ್ತನು. ಆಶ್ವಮೇಧಿಕಪರ್ವದಲ್ಲಿ ಉಂಛವೃತ್ತಿಯ ಬ್ರಾಹ್ಮಣನು ಅತಿಥಿಗಿತ್ತ ಜವೆಯ ಹಿಟ್ಟು ಯುಧಿಷ್ಠಿರನ ಯಜ್ಞವನ್ನೇ ಮೀರಿಸಿತು. ಆದರೆ ಆತನದು ತಾನಾಗಿ ಕೈಕೊಂಡ ವ್ರತ; ಈ ಹೆಂಗಸರದು ಹಸಿವು ಹೇರಿದ ಕಾಯಕ. ಬಾಗಿದ ಬೆನ್ನಿನ ನೋವು ಇಬ್ಬರಿಗೂ ಒಂದೇ ಅಲ್ಲವೆ? ಆದರೂ ವ್ರತಿಗೆ ಲೋಕವು ಕೈಮುಗಿಯಿತು. ಕನ್ನಡನಾಡಿನ ಜೋಳದ, ಶೇಂಗಾದ ಹೊಲಗಳಲ್ಲಿ ಹಕ್ಕಲಾಯ್ದು ಮಕ್ಕಳನ್ನು ಸಾಕಿದ ತಾಯಂದಿರಿಗೆ ಕೈಮುಗಿದವರೆಷ್ಟು ಮಂದಿ?

ಪಟವು ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಶಾಸ್ತ್ರವು ವ್ರತಿಗೆ ಕೊಟ್ಟ ಗೌರವವನ್ನು ಮಿಲೆಯು ಅದರಲ್ಲಿ ಹಸಿದವಳಿಗೆ ಸಲ್ಲಿಸಿದ್ದಾನೆ.